ಗೋಡೆಯಲ್ಲಿ ಕಾಣುವ ಕುಷ್ಠ

ಓದತಕ್ಕ ಭಾಗ: ಯಾಜಕಕಾಂಡ 14:33–53

ಯಾಜಕಕಾಂಡವನ್ನು ಕ್ರಮವಾಗಿ ಓದುವವರು ಕೂಡ ಈ ಭಾಗಕ್ಕೆ ಬಂದಾಗ ಪುಟವನ್ನು ಬೇಗನೆ ತಿರುವಿಬಿಡುವದುಂಟು. ಮನುಷ್ಯನಿಗೆ ಕುಷ್ಠ ಬರುವದು ಸರಿ, ಗೋಡೆಗೆ ಬರುವದು ಹೇಗೆ? ಕುಷ್ಠರೋಗದ ಕ್ರಿಮಿಯನ್ನು ನಾರ್ವೆ ದೇಶದ ವೈದ್ಯನಾದ ಹಾನ್ಸೆನನು 1873ರಲ್ಲಿ ಕಂಡುಹಿಡಿದನು. ಅದು ಗೋಡೆಯಲ್ಲಿ ಬೆಳೆಯತಕ್ಕದ್ದಲ್ಲ. ಆದರೆ ಮೂಲದ ಇಬ್ರಿಯ ಶಬ್ದವು ಆ ಒಂದೇ ರೋಗಕ್ಕೆ ಸೇರಿದ್ದಲ್ಲ. ಚರ್ಮದ ಮೇಲಣ ಹಲವು ಬಗೆಯ ಮಚ್ಚೆಗಳಿಗೂ, ಬಟ್ಟೆಯಲ್ಲಿಯೂ ಗೋಡೆಯಲ್ಲಿಯೂ ಹಬ್ಬುವ ಕಲೆಗೂ ಅದೇ ಹೆಸರು. ಹಸುರಾಗಿ ಇಲ್ಲವೆ ಕೆಂಪಾಗಿ, ಗೋಡೆಯ ಮೈಗಿಂತ ಒಳಕ್ಕೆ ಇಳಿದು ತೋರುವ ಗುರುತು ಎಂದು 37ನೆಯ ವಚನವು ವರ್ಣಿಸುತ್ತದೆ. ಇದು ಬೂಷ್ಟೇ ಎಂದು ಅನೇಕ ಪಂಡಿತರು ತಿಳಿಯುತ್ತಾರೆ.

ಬೂಷ್ಟು ನಮ್ಮ ಸೀಮೆಗೆ ಹೊಸದಲ್ಲ. ಹಾನಗಲ್ಲಿನ ಪಡುವಣ ಹಳ್ಳಿಗಳು ಮಲೆನಾಡಿನ ಸೆರಗಿನಲ್ಲಿವೆ. ಮಳೆಗಾಲದಲ್ಲಿ ಅಲ್ಲಿ ಒಣಗಲು ಹಾಕಿದ ಬಟ್ಟೆ ಒಣಗುವದಿಲ್ಲ. ಶಿಗ್ಗಾಂವಿಯಲ್ಲಿಯೂ ಹಿರೇಕೆರೂರಿನಲ್ಲಿಯೂ ಗೋವಿನಜೋಳದ ಚೀಲಗಳು ಪಡಸಾಲೆಯಲ್ಲಿ ಗೋಡೆಗೆ ಒತ್ತಿಕೊಂಡೇ ಕೂತಿರುವವು. 2019ರ ಆಗಸ್ಟಿನಲ್ಲಿ ವರದಾ ನದಿಯು ಉಕ್ಕಿದಾಗ ಹಾನಗಲ್ಲು ಸವಣೂರು ಕಡೆಯ ದಂಡೆಯ ಊರುಗಳ ಮನೆಗಳಲ್ಲಿ ನೀರು ನಿಂತಿತು. ಬಿದ್ದ ಗೋಡೆಗಳನ್ನು ಎಲ್ಲರೂ ಬಂದು ನೋಡಿದರು. ಬೀಳದೆ ನಿಂತ ಗೋಡೆಗಳ ಮಾತನ್ನು ಯಾರೂ ಹೆಚ್ಚಾಗಿ ಆಡಲಿಲ್ಲ. ಜನರು ಹಿಂದಿರುಗಿ ಅವುಗಳ ಮಗ್ಗುಲಲ್ಲಿಯೇ ಚಾಪೆ ಹಾಸಿದರು.

ಮೋಶೆಯ ಧರ್ಮಶಾಸ್ತ್ರವು ಮೊದಲು ಮಾತಾಡಿಸುವದು ಮನೆಯ ಯಜಮಾನನನ್ನೇ. ಅವನು ತಾನಾಗಿ ಯಾಜಕನ ಬಳಿಗೆ ಹೋಗಿ, ನನ್ನ ಮನೆಯಲ್ಲಿ ಅಂಥಾದ್ದೇನೋ ಇರುವಂತೆ ತೋರುತ್ತದೆಂದು ತಿಳಿಸಬೇಕು. ನಾವು ಮಾಡುವದಾದರೂ ಏನು? ಕಲೆಯ ಮುಂದೆ ಟ್ರಂಕನ್ನು ಸರಿಸುತ್ತೇವೆ, ಕ್ಯಾಲೆಂಡರನ್ನು ತೂಗಹಾಕುತ್ತೇವೆ, ಕ್ರಿಸ್ಮಸ್ಸು ಹತ್ತಿರ ಬಂದಾಗ ಹಸಿ ಗೋಡೆಯ ಮೇಲೆಯೇ ಬಣ್ಣ ಬಳಿಯುತ್ತೇವೆ. ಮನೆಗೆ ದೋಷ ತಗಲಿದೆಯೆಂದು ನೆರೆಯವರು ಅಂದಾರೆಂಬ ಭಯವೇ ಇದಕ್ಕೆ ಕಾರಣ. ಈ ಭಯವು ನಮ್ಮ ಸಭೆಗಳಲ್ಲಿಯೂ ಇದೆಯೆಂಬದನ್ನು ಮರೆಮಾಡಿ ಪ್ರಯೋಜನವಿಲ್ಲ. ಈ ಗುರುತನ್ನು ತಾನೇ ಬರಮಾಡುವೆನೆಂದು 34ನೆಯ ವಚನದಲ್ಲಿ ದೇವರು ಹೇಳುತ್ತಾನಲ್ಲಾ ಎಂದು ಕೆಲವರು ಕೇಳಬಹುದು. ಹೌದು, ಆದರೂ ಆ ಮನೆಯವರು ಯಾವ ಪಾಪ ಮಾಡಿದರೆಂದು ವಿಚಾರಿಸುವ ಅಪ್ಪಣೆ ಯಾಜಕನಿಗೆ ಇಲ್ಲಿ ಎಲ್ಲಿಯೂ ಇಲ್ಲ. ಅವನು ನೋಡತಕ್ಕದ್ದು ಗೋಡೆಯನ್ನು. ಕಡೆಯಲ್ಲಿ ಪ್ರಾಯಶ್ಚಿತ್ತವಾಗುವದೂ ಮನೆಗೋಸ್ಕರವೇ. ಇನ್ನೊಂದು ದಯೆಯನ್ನು ಗಮನಿಸಿರಿ: ಯಾಜಕನು ಒಳಗೆ ಬರುವ ಮುಂಚೆ ಸಾಮಾನುಗಳನ್ನೆಲ್ಲಾ ಹೊರಗಿಡಲು ಅಪ್ಪಣೆಯಿದೆ. ಬಡವನ ಮಡಿಕೆ ಕುಡಿಕೆಗಳು ಹಾಳಾಗಬಾರದು.

ಆಮೇಲೆ ಏಳು ದಿವಸ ಕಾಯಬೇಕು. ಇದರಲ್ಲಿ ಬಹಳ ವಿವೇಕವಿದೆ, ಯಾಕಂದರೆ ಗೋಡೆಯ ಮೇಲಣ ಕಲೆಗಳೆಲ್ಲಾ ಬೂಷ್ಟಲ್ಲ. ಎರೆಭೂಮಿಯ ಊರುಗಳಲ್ಲಿ ಗೋಡೆಯ ಬುಡಕ್ಕೆ ಬಿಳಿಯ ಸವುಳು ಹೊಮ್ಮುವದು. ಅದರ ಮೇಲೆ ನೀರು ಹನಿಸಿದರೆ ಕರಗಿಹೋಗುವದು. ಬೂಷ್ಟು ಕರಗುವದಿಲ್ಲ, ಒರೆಸಿದರೆ ಬೆರಳಿಗೆ ಹತ್ತುವದು, ಮುಗ್ಗಲು ನಾರುವದು. ಕಲೆಯ ಸುತ್ತಲೂ ಇದ್ದಲಿಯಿಂದ ಗೆರೆ ಎಳೆದು ಎಂಟನೆಯ ದಿವಸ ನೋಡಿರಿ. ಗೆರೆಯನ್ನು ದಾಟಿದ್ದರೆ ಅದು ಬೆಳೆಯುತ್ತಿದೆ. ತೇವವು ಎಲ್ಲಿಂದ ಬರುವದೆಂದು ತಿಳಿಯಲು ಅಂಗೈಯಗಲದ ಪ್ಲಾಸ್ಟಿಕ್ಕಿನ ಹಾಳೆಯನ್ನು ಗೋಡೆಗೆ ಅಂಟಿಸಿ, ನಾಲ್ಕೂ ಅಂಚುಗಳನ್ನು ಮುಚ್ಚಿ, ಎರಡು ದಿವಸ ಬಿಡಿರಿ. ಹಾಳೆಯ ಹಿಂಬದಿಯಲ್ಲಿ ಹನಿ ಕೂತರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಮುಂಬದಿಯಲ್ಲಿ ಕೂತರೆ ಕೋಣೆಯ ಗಾಳಿಯೇ ತೇವವಾಗಿದೆ, ಬೆಳಕಿಂಡಿ ತೆರೆಯಬೇಕು.

ಮುಚ್ಚಿದ ಆ ಮನೆಯೊಳಗೆ ಹೋಗಿ ಬಂದವನಿಗೆ ಒಂದು ವಿಧಿ, ಅಲ್ಲಿ ಮಲಗಿದವನಿಗೂ ಉಂಡವನಿಗೂ ಇನ್ನೂ ಹೆಚ್ಚಿನ ವಿಧಿ (ವ. 46, 47). ಗಾಳಿಯ ವಿಷಯ ತಿಳಿದ ನಮಗೆ ಇದು ಆಶ್ಚರ್ಯವಲ್ಲ. ಬೂಷ್ಟು ತನ್ನ ಬೀಜಾಣುಗಳನ್ನು ಗಾಳಿಗೆ ಬಿಡುವದು. ಕೆಲವು ಜಾತಿಗಳಲ್ಲಿ ಅವು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟೇ ಇರುವದರಿಂದ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಎಲ್ಲರಿಗೂ ಕೇಡಾಗುವದಿಲ್ಲ. ಆದರೆ ರಾತ್ರಿಯೆಲ್ಲಾ ಅದೇ ಗಾಳಿಯಲ್ಲಿ ಮಲಗುವ ಕೂಸುಗಳಿಗೂ ಮುದುಕರಿಗೂ ಸೀನು, ಕೆಮ್ಮು, ಗೊರಗೊರ ಉಸಿರು ಹೆಚ್ಚುವದು. ಉಬ್ಬಸವುಳ್ಳವರಿಗೆ ಉಬ್ಬಸ ಕೆರಳುವದು. ಕ್ಷಯ ವಾಸಿಯಾದವರ ಶ್ವಾಸಕೋಶದಲ್ಲಿ ಉಳಿದ ಪೊಳ್ಳಿನಲ್ಲಿ ಬೂಷ್ಟು ಉಂಡೆಯಾಗಿ ಬೆಳೆದು ರಕ್ತ ಕೆಮ್ಮಿಸುವದೂ ಉಂಟು. ಅಂಥವರು ಸಾಂಬ್ರಾಣಿಯ ಹೊಗೆ ಹಾಕಿ ಕೂಡ್ರದೆ ವೈದ್ಯರ ಬಳಿಗೆ ಹೋಗಬೇಕು. ಹೊಗೆಯು ಕೆಟ್ಟ ಗಾಳಿಯನ್ನು ಇನ್ನಷ್ಟು ಕೆಡಿಸುವದು. ಗಾಳಿಯನ್ನು ಯಂತ್ರದಿಂದ ಅಳೆಯಿಸಲು ಹಣವಿಲ್ಲವೆಂದು ಚಿಂತಿಸಬೇಡಿರಿ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ಬೂಷ್ಟು ಇಷ್ಟರ ವರೆಗೆ ಇದ್ದರೆ ಬಾಧೆಯಿಲ್ಲ ಎಂಬ ಲೆಕ್ಕವನ್ನೇ ಕೊಟ್ಟಿಲ್ಲ. ತೇವವನ್ನು ತಡೆಯಿರಿ, ಬೂಷ್ಟನ್ನು ತೆಗೆಯಿರಿ ಎಂದಿದೆ. ಕಣ್ಣೂ ಮೂಗೂ ಸಾಕು.

ಇನ್ನು ತೆಗೆಯುವ ಕೆಲಸ. ಯಾಜಕನು ಸುಣ್ಣ ಬಳಿಯಿಸಲಿಲ್ಲ. ಕಲೆಹತ್ತಿದ ಕಲ್ಲುಗಳನ್ನು ಕೀಳಿಸಿದನು, ಗೋಡೆಯನ್ನು ಕೆರೆಯಿಸಿದನು, ಮಣ್ಣನ್ನು ಊರ ಹೊರಗೆ ಹಾಕಿಸಿದನು, ಬೇರೆ ಕಲ್ಲುಗಳನ್ನಿರಿಸಿ ಹೊಸದಾಗಿ ಗಾರೆ ಮಾಡಿಸಿದನು. ನಾವೂ ಮೊದಲು ನೀರಿನ ದಾರಿಯನ್ನು ಕಟ್ಟಬೇಕು: ಒಡೆದ ಹಂಚು, ಗೋಡೆಗೆ ತಾಕುವ ಬಚ್ಚಲ ನೀರು, ಹಿತ್ತಲಲ್ಲಿ ಏರಿದ ಮಣ್ಣು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತುವದು ಈಗಿನ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ, ಅದು ತೇವವನ್ನು ಒಳಗೇ ಕಟ್ಟಿಹಾಕುವದು. ಬೂಷ್ಟನ್ನು ಒಣಗಿದ ಕಸಬರಿಗೆಯಿಂದ ಉಜ್ಜಬಾರದು. ಬೀಜಾಣುಗಳು ಮನೆಯೆಲ್ಲಾ ಹರಡುವವು. ಮೂಗು ಬಾಯಿ ಮುಚ್ಚಿಕೊಂಡು, ಬಾಗಿಲು ತೆರೆದು, ಸಾಬೂನು ನೀರಿನಿಂದ ತೋಯಿಸಿ ತಿಕ್ಕಿರಿ. ಮಣ್ಣಿನ ಗೋಡೆಯಾದರೆ ತುಸುವೇ ತೋಯಿಸಿ ಕೆರೆಯಿರಿ. ಬ್ಲೀಚಿಂಗ್ ಪುಡಿಗೆ ಪಾಯಿಖಾನೆ ತೊಳೆಯುವ ಆಮ್ಲವನ್ನು ಎಂದಿಗೂ ಬೆರೆಸಬೇಡಿರಿ, ಏಳುವ ಗಾಳಿ ವಿಷ. ಗೋಡೆ ಚೆನ್ನಾಗಿ ಒಣಗಿದ ಮೇಲೆ ಸುಣ್ಣ ಬಳಿಯಬಹುದು. ಬೂಷ್ಟು ಹಿಡಿದ ಗೋವಿನಜೋಳವನ್ನು ತೊಳೆದು ಬೀಸಿಸುವ ಆಸೆ ಬೇಡ. 1974ರಲ್ಲಿ ಗುಜರಾತ ರಾಜಸ್ಥಾನಗಳ ಗಡಿಯ ಹಳ್ಳಿಗಳಲ್ಲಿ ಅಂಥಾ ಜೋಳವನ್ನು ಉಂಡು ನೂರಕ್ಕೆ ಮೇಲ್ಪಟ್ಟ ಜನರು ಸತ್ತರು.

ಇಷ್ಟೆಲ್ಲಾ ಕೆಲಸವನ್ನು ಒಬ್ಬ ವಿಧವೆ ತಾನೊಬ್ಬಳೇ ಮಾಡಲಾರಳು. ಹೊಳವಾದ ಒಂದು ಶನಿವಾರ ಸಭೆಯ ನಾಲ್ವರು ಗಂಡಸರು ಹೋಗಿ ಅವಳ ಸಾಮಾನುಗಳನ್ನು ಅಂಗಳಕ್ಕೆ ಹೊತ್ತರೆ ಅರ್ಧ ಕೆಲಸ ಮುಗಿದಂತೆಯೇ.

ಹೂಳಿನಲ್ಲಿ ಸಿಕ್ಕ ಮುತ್ತಿನಂತೆ ಒಂದು ಸಂಗತಿ. ಇಟಲಿಯ ಫ್ಲಾರೆನ್ಸಿನಲ್ಲಿ ಪಾದ್ರಿಯೂ ಸಸ್ಯಶಾಸ್ತ್ರಿಯೂ ಆಗಿದ್ದ ಮಿಕೇಲಿ ಎಂಬವನು 1729ರಲ್ಲಿ ಬೂಷ್ಟೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಆರಾಧನೆಯಲ್ಲಿ ನೀರು ಚಿಮುಕಿಸುವ ಕುಂಚದಂತಿದೆಯೆಂದು ಆಸ್ಪರ್ಜಿಲಸ್ ಎಂದು ಹೆಸರಿಟ್ಟನು. ನಮ್ಮ ಪಾಠದ ಯಾಜಕನ ಕೈಯಲ್ಲಿಯೂ ಹಿಸ್ಸೋಪಿನ ಕುಂಚವಿದೆ. ಬೂಷ್ಟು ಮರಳಿ ಬಾರದಿದ್ದರೆ ಅವನು ಏಳು ಸಾರಿ ಮನೆಗೆ ಚಿಮುಕಿಸಿ, ಜೀವವುಳ್ಳ ಪಕ್ಷಿಯನ್ನು ಊರ ಹೊರಗೆ ಬಯಲಿನಲ್ಲಿ ಬಿಟ್ಟು, ಮನೆ ಶುದ್ಧವೆಂದು ಹೇಳುವನು. ಊರವರ ಕಣ್ಣ ಮುಂದೆ ಹಾರಿಹೋದ ಆ ಪಕ್ಷಿಯನ್ನು ಕಂಡ ಮೇಲೆ ನೆರೆಹೊರೆಯವರು ಆ ಮನೆಯಲ್ಲಿ ಕೂತು ನೀರು ಕುಡಿಯುವದಕ್ಕೆ ಹಿಂಜರಿಯಬೇಕಾಗಿರಲಿಲ್ಲ.