ಮಗುವಿನ ಮೊಬೈಲ್‌ಗೆ ಎಷ್ಟು ಬೀಗ? ನಾಸಿಕ್ ರೋಡ್‌ನ ಕನ್ನಡ ಮನೆಗಳಿಗೆ ಒಂಬತ್ತು ಸೂತ್ರಗಳು

ಕೆಲಸದ ನಿಮಿತ್ತ ನಾಸಿಕ್ ರೋಡ್‌ಗೆ ಬಂದು ನೆಲೆನಿಂತ ಕನ್ನಡ ಕುಟುಂಬಕ್ಕೆ ಮೊಬೈಲ್ ಬರೀ ಆಟಿಕೆಯಲ್ಲ. ಶಾಲೆಯ ಹೋಂವರ್ಕ್ ಬರುವುದು ವಾಟ್ಸ್ಆ್ಯಪ್‌ನಲ್ಲಿ. ಊರಲ್ಲಿರುವ ಅಜ್ಜಿಯ ಮುಖ ಕಾಣುವುದು ವಿಡಿಯೊ ಕಾಲ್‌ನಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಕೇಳುವ ಮಗುವಿನ ಕಿವಿಗೆ ಕನ್ನಡ ಬೀಳುವುದೂ ಎಷ್ಟೋ ಸಲ ಅದೇ ಫೋನಿನಿಂದ. ಹಾಗಾಗಿ ‘ಕೊಡಲೇಬೇಡಿ’ ಎಂಬ ಉಪದೇಶ ಇಲ್ಲಿ ನಡೆಯುವುದಿಲ್ಲ. ಕೊಡಬೇಕು, ಆದರೆ ಲೆಕ್ಕವಿಟ್ಟು ಕೊಡಬೇಕು. ಆ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು.

1. ಮೊದಲು ಮಾತು, ಆಮೇಲೆ ಬೀಗ

ಮಗುವಿಗೆ ಹೇಳದೆ ಪತ್ತೇದಾರಿ ಆ್ಯಪ್ ಹಾಕಬೇಡಿ. ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಆಮೇಲೆ ಮಗು ಬಚ್ಚಿಡುವುದನ್ನು ಕಲಿಯುತ್ತದೆ. ಎದುರು ಕೂರಿಸಿಕೊಂಡು ಮೂರು ವಿಷಯ ತೀರ್ಮಾನಿಸಿ: ಎಷ್ಟು ಹೊತ್ತು, ಯಾವ ಆ್ಯಪ್, ಮನೆಯ ಯಾವ ಜಾಗದಲ್ಲಿ. ಬೀಗ ಹಾಕುವಾಗ ಮಗು ಪಕ್ಕದಲ್ಲೇ ಇರಲಿ.

2. ಅಳತೆ ವಯಸ್ಸಿಗೆ ತಕ್ಕಂತಿರಲಿ

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಹೀಗಿದೆ: ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಬಂಧುಗಳೊಡನೆ ಆಗೀಗಿನ ವಿಡಿಯೊ ಕಾಲ್ ಮಾತ್ರ ಇರಬಹುದು. 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. 5ರಿಂದ 10ರವರಿಗೆ ಎರಡು ಗಂಟೆಗಿಂತ ಕಡಿಮೆ. ಕೂಸಿಗೇ ವಿಡಿಯೊ ಕಾಲ್‌ನ ವಿನಾಯಿತಿ ಇರುವಾಗ ಅಜ್ಜಿಯ ಜೊತೆಗಿನ ಹತ್ತು ನಿಮಿಷವನ್ನು ರೀಲ್ಸ್‌ನ ಲೆಕ್ಕಕ್ಕೆ ಸೇರಿಸುವ ಅಗತ್ಯವಿಲ್ಲ.

3. ಮಗುವಿಗೆ ಅದರದೇ ಖಾತೆ, ನಿಜವಾದ ಹುಟ್ಟಿದ ದಿನಾಂಕ

ಅಪ್ಪನ ಗೂಗಲ್ ಖಾತೆಯಲ್ಲೇ ಮಗು ಯೂಟ್ಯೂಬ್ ನೋಡಿದರೆ ಗೂಗಲ್ ಲೆಕ್ಕದಲ್ಲಿ ಅದು ನಲವತ್ತು ವರ್ಷದ ಗಂಡಸು. ಬರುವ ವಿಡಿಯೊಗಳೂ ಹಾಗೇ ಇರುತ್ತವೆ. ಆಂಡ್ರಾಯ್ಡ್ ಆದರೆ ಮಗುವಿನ ವಯಸ್ಸು ಸರಿಯಾಗಿ ಕೊಟ್ಟು ಖಾತೆ ತೆರೆಯಿರಿ, ಅದನ್ನು ಫ್ಯಾಮಿಲಿ ಲಿಂಕ್ ಆ್ಯಪ್‌ಗೆ ಜೋಡಿಸಿ. ದಿನದ ಮಿತಿ, ರಾತ್ರಿಯ ಬೀಗ, ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ, ಮಗು ಇರುವ ಜಾಗ, ಎಲ್ಲವೂ ನಿಮ್ಮ ಫೋನಿನಲ್ಲೇ ಸಿಗುತ್ತವೆ. ಬಿಟ್ಕೋ ಚೌಕದಿಂದ ಸಿಟಿಲಿಂಕ್ ಬಸ್ ಹತ್ತಿ ಕ್ಲಾಸಿಗೆ ಹೋಗುವ ಹುಡುಗಿ ತಲುಪಿದಳೋ ಇಲ್ಲವೋ ಎಂದು ನೋಡುವುದಕ್ಕೂ ಇದೇ ಸಾಕು. ಐಫೋನ್‌ನಲ್ಲಿ ಮಿತಿ ಮತ್ತು ಬೀಗದ ಕೆಲಸಗಳಿಗೆ ಸೆಟ್ಟಿಂಗ್ಸ್‌ನ ‘ಸ್ಕ್ರೀನ್ ಟೈಮ್’ ಇದೆ. ಅದರ ಪಾಸ್‌ಕೋಡ್ ಮಾತ್ರ ಫೋನ್ ತೆರೆಯುವ ನಂಬರಿನಿಂದ ಬೇರೆಯಾಗಿರಲಿ.

4. ಮನೆಗೆಲ್ಲ ಒಂದೇ ಫೋನ್ ಇದ್ದರೆ ‘ಪಿನ್’ ಮಾಡಿ ಕೊಡಿ

ಆಂಡ್ರಾಯ್ಡ್‌ನ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಎಂಬ ಸೌಲಭ್ಯವಿದೆ. ಕೆಲವು ಫೋನ್‌ಗಳಲ್ಲಿ ಅದರ ಹೆಸರು ಸ್ಕ್ರೀನ್ ಪಿನ್ನಿಂಗ್. ಹೊರಬರುವಾಗ ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ. ಆಗ ಪಾಠದ ವಿಡಿಯೊ ಹಾಕಿಕೊಟ್ಟರೆ ಮಗು ಆ ಆ್ಯಪ್ ಬಿಟ್ಟು ಆಚೆ ಹೋಗಲಾರದು. ಐಫೋನ್‌ನಲ್ಲಿ ಇದಕ್ಕೆ ‘ಗೈಡೆಡ್ ಆ್ಯಕ್ಸೆಸ್’ ಎನ್ನುತ್ತಾರೆ. ವಾಟ್ಸ್ಆ್ಯಪ್‌ನ ಹೋಂವರ್ಕ್‌ಗೆ ಇನ್ನೂ ಸುಲಭದ ದಾರಿಯಿದೆ: ನೋಟ್‌ಬುಕ್‌ಗೆ ಬರೆದುಕೊಂಡ ಕೂಡಲೇ ಫೋನ್ ವಾಪಸ್.

5. ಕಳ್ಳದಾರಿಗಳನ್ನು ಮುಚ್ಚಿ

ಮಗುವಿನ ಫೋನಿಗೆ ಬೀಗ ಬಿದ್ದ ಮರುದಿನದಿಂದ ಅಜ್ಜನ ಫೋನಿಗೆ ಎಲ್ಲಿಲ್ಲದ ಬೇಡಿಕೆ ಬರುತ್ತದೆ. ಊರಿಂದ ಬಂದ ಅಜ್ಜ ‘ಪಾಪ, ಕೂಸು ನೋಡಲಿ ಬಿಡು’ ಎಂದರೆ ನಿಮ್ಮ ಸೆಟ್ಟಿಂಗ್ಸ್ ಎಲ್ಲ ನೀರುಪಾಲು. ಕಪಾಟಿನ ಹಳೇ ಫೋನ್ ಸಿಮ್ ಇಲ್ಲದಿದ್ದರೂ ವೈಫೈ ಹಿಡಿಯುತ್ತದೆ. ಸ್ಮಾರ್ಟ್ ಟಿವಿಯಲ್ಲೂ ಯೂಟ್ಯೂಬ್ ಇದೆ. ಎಲ್ಲಕ್ಕೂ ಪಿನ್ ಹಾಕಿ, ಹಿರಿಯರನ್ನು ಒಪ್ಪಂದದೊಳಗೆ ಸೇರಿಸಿಕೊಳ್ಳಿ. ಅವರಿಗೆ ತಿಳಿಸದೆ ನಿಯಮ ಮಾಡಿದರೆ ಮುರಿಯುವವರೂ ಅವರೇ.

6. ದುಡ್ಡಿನ ಬಾಗಿಲಿಗೆ ಬೇರೆ ಬೀಗ

ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಯುಪಿಐ ಪಿನ್ ಮಗುವಿಗೆ ತಿಳಿದಿದ್ದರೆ ಇವತ್ತೇ ಬದಲಿಸಿ. ತಿಂಗಳಿಗೊಮ್ಮೆ ಆಟೋಪೇ ಪಟ್ಟಿ ತೆರೆದು ನೋಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಆದ್ದರಿಂದ ‘ಆಡಿ, ಗೆಲ್ಲಿ’ ಎಂಬ ಲಿಂಕ್ ಬಂದರೆ ಒತ್ತದೆ ತೋರಿಸಬೇಕೆಂದು ಮಗುವಿಗೆ ಕಲಿಸಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೈಗುಳ ಆಮೇಲಿರಲಿ. ಬೈಗುಳಕ್ಕೆ ಹೆದರಿದ ಮಗು ವಿಷಯವನ್ನೇ ಹೇಳುವುದಿಲ್ಲ, ಹಣ ತಡೆಹಿಡಿಯುವ ಹೊತ್ತು ಮೀರಿಹೋಗುತ್ತದೆ.

7. ಹದಿಹರೆಯದವರಿಗೆ ಬೀಗಕ್ಕಿಂತ ಬುದ್ಧಿ

ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿ ಕುರಿತ ಅಸರ್ 2024 ವರದಿ ನೋಡಿ. 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಜನರಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಆದರೆ ಜಾಲತಾಣ ಬಳಸುವವರಲ್ಲಿ ಪ್ರೊಫೈಲನ್ನು ಖಾಸಗಿ ಮಾಡಲು ಗೊತ್ತಿದ್ದವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಬ್ಲಾಕ್ ಮಾಡುವುದು, ರಿಪೋರ್ಟ್ ಮಾಡುವುದು, ಖಾತೆ ಖಾಸಗಿ ಮಾಡುವುದು, ಈ ಮೂರನ್ನೂ ಕೂತು ಕಲಿಸಿ. ಇನ್‌ಸ್ಟಾಗ್ರಾಮ್ 2025ರ ಫೆಬ್ರುವರಿಯಲ್ಲಿ ಭಾರತಕ್ಕೂ ತಂದ ‘ಟೀನ್ ಅಕೌಂಟ್’ ಮೊದಲೇ ಖಾಸಗಿಯಾಗಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸುಮ್ಮನಿರುತ್ತವೆ. 16ರೊಳಗಿನವರು ಇದನ್ನು ಸಡಿಲಿಸಲು ಪಾಲಕರನ್ನು ಕೇಳಲೇಬೇಕು. ಆದರೆ ವಯಸ್ಸು ಸುಳ್ಳು ಬರೆದರೆ ಇದ್ಯಾವುದೂ ಕೆಲಸಕ್ಕೆ ಬಾರದು.

8. ಮನೆಗೊಂದು ಸೈರನ್ ಇರಲಿ

ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ 2022ರಲ್ಲಿ ದೇಶದ ಸುದ್ದಿಯಾಯಿತು. ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ, ಊರಿಗೆ ಊರೇ ಟಿವಿ, ಮೊಬೈಲ್ ಬಂದ್ ಮಾಡುತ್ತದೆ. ಮಕ್ಕಳು ಓದಲು ಕೂರುತ್ತಾರೆ. 8.30ಕ್ಕೆ ಇನ್ನೊಂದು ಸೈರನ್ ಆದ ಮೇಲೆ ಬಿಡುಗಡೆ. ಬೆಳಗಾವಿ ಬಳಿಯ ಹಲಗಾ ಗ್ರಾಮವೂ ಸಂಜೆ 7ರಿಂದ 9ರವರೆಗೆ ಇದೇ ದಾರಿ ಹಿಡಿದಿದೆ. ಈ ಉಪಾಯದ ಗುಟ್ಟು ತಂತ್ರಜ್ಞಾನದಲ್ಲಿಲ್ಲ. ದೊಡ್ಡವರ ಪರದೆಯೂ ಅದೇ ಹೊತ್ತಿಗೆ ಆರುತ್ತದಲ್ಲ, ಅದರಲ್ಲಿದೆ. ಮಗನ ಫೋನಿಗೆ ಬೀಗ ಹಾಕಿ ಅಪ್ಪ ಸೋಫಾದ ಮೇಲೆ ರೀಲ್ಸ್ ಉಜ್ಜುತ್ತಿದ್ದರೆ ಯಾವ ಆ್ಯಪ್ ತಾನೆ ಏನು ಮಾಡೀತು? ನಾಸಿಕ್ ರೋಡ್‌ನ ಫ್ಲ್ಯಾಟ್‌ಗೆ ಸೈರನ್ ಬೇಕಿಲ್ಲ, ಅಡುಗೆಮನೆಯ ಗಡಿಯಾರ ಸಾಕು. ಪಾಳಿ ಕೆಲಸದವರು ಮನೆಗೆ ಬಂದ ಮೇಲಿನ ಒಂದು ಗಂಟೆಯನ್ನು ಇಟ್ಟುಕೊಳ್ಳಲಿ. ಆ ಹೊತ್ತಿನಲ್ಲಿ ಆಡಲು, ಓದಲು, ಕನ್ನಡದಲ್ಲಿ ಹರಟಲು ಏನಾದರೂ ಸಿದ್ಧವಿರಲಿ. ಕಿತ್ತುಕೊಂಡ ಜಾಗ ಖಾಲಿ ಉಳಿದರೆ ಮಗು ಮತ್ತೆ ಫೋನನ್ನೇ ಹುಡುಕುತ್ತದೆ.

9. ಕೈಮೀರಿದರೆ ಸಹಾಯ ಕೇಳಿ, ಸರಿಹೋದರೆ ಸಡಿಲಿಸಿ

ನಿದ್ದೆ, ಊಟ, ಶಾಲೆ ಮೂರೂ ಕೆಡುತ್ತಿದ್ದರೆ, ಫೋನ್ ತೆಗೆದುಕೊಂಡರೆ ಮಗು ರೇಗಿ ಕೈ ಎತ್ತುವಂತಾದರೆ, ಬೀಗದ ಕೆಲಸ ಮುಗಿಯಿತೆಂದೇ ತಿಳಿಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಅತಿಬಳಕೆಯ ಚಿಕಿತ್ಸೆಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಯಾರಾದರೂ ಮಗುವನ್ನು ಆನ್‌ಲೈನ್‌ನಲ್ಲಿ ಪೀಡಿಸುತ್ತಿದ್ದರೆ 1098 ಇದೆ.

ಎಲ್ಲ ಸರಿಯಿದ್ದರೆ ಪ್ರತಿ ಹುಟ್ಟುಹಬ್ಬಕ್ಕೆ ಮಗುವಿನೊಂದಿಗೆ ಕೂತು ಸೆಟ್ಟಿಂಗ್ಸ್ ತೆರೆಯಿರಿ, ಒಂದು ನಿರ್ಬಂಧ ತೆಗೆಯಿರಿ. ಹತ್ತರ ಮಗುವಿನ ಬೀಗ ಹದಿನಾರಕ್ಕೂ ಹಾಗೇ ಇದ್ದರೆ ಅದು ಕಲಿಸಿದ್ದೇನೂ ಇಲ್ಲ. ಹಾಸ್ಟೆಲ್ ಸೇರಿದ ದಿನ ಮಗುವಿನ ಕೈಯಲ್ಲಿ ಬೀಗವಿಲ್ಲದ ಫೋನ್ ಇರುತ್ತದೆ. ಅದನ್ನು ಯಾವಾಗ ಕೆಳಗಿಡಬೇಕೆಂದು ತಾನೇ ತೀರ್ಮಾನಿಸುವ ಅಭ್ಯಾಸ ಅಷ್ಟರೊಳಗೆ ಬಂದಿರಬೇಕು.