ಹೆಸರು ಬದಲಿಸಿದ ನಟಿ

ಸಿಮೋನ್ ಸಿನ್ಯೋರೆ ಫ್ರಾನ್ಸ್ ದೇಶದ ಹೆಸರಾಂತ ಸಿನಿಮಾ ನಟಿ. ಇವರು 1921ರ ಮಾರ್ಚ್ 25ರಂದು ಜರ್ಮನಿಯಲ್ಲಿ ಹುಟ್ಟಿದರು. ಇವರ ತಂದೆ ಯಹೂದಿ. 1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸನ್ನು ಹಿಡಿಯಿತು. ತಂದೆ ಲಂಡನ್ನಿಗೆ ಹೋದರು. ತಾಯಿ ಮತ್ತು ಇಬ್ಬರು ತಮ್ಮಂದಿರನ್ನು ಸಾಕುವ ಹೊಣೆ ಇವರ ತಲೆ ಮೇಲೆ ಬಿತ್ತು. ಆಗ ಯಹೂದಿಗಳಿಗೆ ಸಿನಿಮಾದಲ್ಲಿ ಕೆಲಸ ಕೊಡ್ತಿರಲಿಲ್ಲ. ಅದಕ್ಕೇ ತಂದೆಯ 'ಕಾಮಿಂಕರ್' ಹೆಸರು ಬಿಟ್ಟು, ತಾಯಿಯ ತವರಿನ 'ಸಿನ್ಯೋರೆ' ಹೆಸರು ಇಟ್ಕೊಂಡು ಸಣ್ಣಪುಟ್ಟ ಪಾತ್ರ ಮಾಡಿದರು.

1960ರಲ್ಲಿ 'ರೂಮ್ ಅಟ್ ದಿ ಟಾಪ್' ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. 1977ರಲ್ಲಿ 'ಮದಾಮ್ ರೋಸಾ' ಚಿತ್ರದಲ್ಲಿ ಬೇರೆಯವರ ಮಕ್ಕಳನ್ನು ಸಾಕುವ ಯಹೂದಿ ಮುದುಕಿಯ ಪಾತ್ರ ಮಾಡಿದರು. 1985ರಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಹೆಸರು ಬದಲಿಸಿದರೂ ತಂದೆಯ ಜನರನ್ನು ಅವರು ಮರೆಯಲಿಲ್ಲ.