ಬೋರ್ಡ್ ಬಿಸಿಯಾದರೆ ಎಚ್ಚರ!

ಲೋಕಾಪುರ, ಮುಧೋಳದ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಟ್ರೇಲರ್ ದುರಸ್ತಿಯ ಕೆಲಸ ಹೆಚ್ಚುತ್ತದೆ. ಶೆಡ್ಡಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಗ್ರೈಂಡರ್, ಡ್ರಿಲ್ಲಿಂಗ್ ಮಷಿನ್, ಫ್ಯಾನ್ ಎಲ್ಲವನ್ನೂ ಸಿಕ್ಕಿಸುತ್ತೇವೆ. ಸ್ವಿಚ್ ಆರಿಸಿ ಪ್ಲಗ್ ತೆಗೆದಾಗ ಅದು ಬಿಸಿಯಾಗಿದೆಯೇ? ಬೋರ್ಡಿನ ಪ್ಲಾಸ್ಟಿಕ್ ಕಂದಿದೆಯೇ? ಹಾಗಿದ್ದರೆ ಅದನ್ನು ಮತ್ತೆ ಬಳಸಬೇಡಿ.

ಲೆಕ್ಕ ಸುಲಭ. ಯಂತ್ರದ ಮೇಲೆ ಬರೆದಿರುವ ವ್ಯಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ತಿಳಿಯುತ್ತದೆ. 2000 ವ್ಯಾಟ್‌ನ ದೊಡ್ಡ ಗ್ರೈಂಡರ್ ಸುಮಾರು 9 ಆಂಪಿಯರ್ ಎಳೆಯುತ್ತದೆ; ಮನೆಬಳಕೆಯ ಸಾಮಾನ್ಯ ಬೋರ್ಡ್ ತಾಳುವುದು 6 ಮಾತ್ರ. ಕರೆಂಟ್ ಇಮ್ಮಡಿಯಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಸುರುಳಿ ಸುತ್ತಿದ ವೈರಿನಲ್ಲಿ ಆ ಶಾಖ ಹೊರಹೋಗದೆ ಹೊದಿಕೆ ಕರಗಬಹುದು, ಬೆಂಕಿಯೂ ಹತ್ತಬಹುದು.

ಆದ್ದರಿಂದ ದೊಡ್ಡ ಯಂತ್ರಕ್ಕೆ 16 ಆಂಪಿಯರ್‌ನ ಪ್ಲಗ್, 2.5 ಚದರ ಮಿಲಿಮೀಟರ್‌ನ ಮೂರೆಳೆಯ ತಾಮ್ರದ ವೈರ್ ಇರಲಿ. ವೈರನ್ನು ಪೂರ್ತಿ ಬಿಚ್ಚಿ ಬಳಸಿ. ಬೋರ್ಡಿಗೆ ಇನ್ನೊಂದು ಬೋರ್ಡ್ ಜೋಡಿಸಬೇಡಿ. ಅರ್ಥಿಂಗ್ ಪಿನ್ ಮುರಿಯಬೇಡಿ. ವೆಲ್ಡಿಂಗ್ ಮಷಿನ್‌ಗೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಪ್ರತ್ಯೇಕ ಲೈನನ್ನೇ ಹಾಕಿಸಿ. ಎಂಸಿಬಿ ವೈರನ್ನು ಕಾಯುತ್ತದೆ. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ಎರಡೂ ಇರಲಿ. ಬೆವರಿದ ಮೈಯಲ್ಲಿ, ಬರಿಗಾಲಿನಲ್ಲಿ ಯಂತ್ರ ಮುಟ್ಟಬೇಡಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಿ. 108ಕ್ಕೆ ಕರೆ ಮಾಡಿಸಿ. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ. ಮೇನ್ ಸ್ವಿಚ್ ಎಲ್ಲಿದೆಯೆಂದು ಮನೆಯವರಿಗೂ ಕೆಲಸ ಕಲಿಯುವ ಹುಡುಗರಿಗೂ ಇವತ್ತೇ ತೋರಿಸಿಡಿ.